ಮಗ ಪರ್ತ್‌ಗೆ ಬಂದು ಇರು ಅನ್ಲತ್ತಾನ, ಸಮುದ್ರದ ದಂಡಿ ಮ್ಯಾಲ ದಿನಾ ಹ್ಯಾಂಗ ಕಳೀತದ್ರಿ?

ಬ್ರಹ್ಮಪುರ ಟೀಚರ್, ಕಲಬುರಗಿ:

ಎಲ್ಲರಿಗೂ ಶರಣಾರ್ಥಿ. ನಾನು 34 ವರ್ಷ ಸರ್ಕಾರಿ ಪ್ರಾಥಮಿಕ ಶಾಲಿದಾಗ ಕಲಿಸಿ ರಿಟೈರ್ ಆಗೀನಿ, ಈಗ 64 ನಡೀಲತ್ತದ. ನಮ್ಮ ಮನಿಯವರು ತೀರಿಕೊಂಡು ಎರಡು ವರ್ಷ ಆತು. ಒಬ್ಬನೇ ಮಗ, ಆಸ್ಟ್ರೇಲಿಯಾದ ಪರ್ತ್‌ದಾಗ ಹಾನ. ಗಣಿ ಕಂಪನಿ ಕೆಲಸ, ವಿಮಾನದಾಗ ಹೋಗಿ ಎರಡು ವಾರ ಗಣಿ ಕ್ಯಾಂಪಿನಾಗೇ ಇರ್ತಾನ, ಆಮ್ಯಾಲ ಒಂದು ವಾರ ಮನ್ಯಾಗ. ಸೊಸಿ ದವಾಖಾನ್ಯಾಗ ನರ್ಸ್, ಅಕಿಗಿ ಶಿಫ್ಟ್ ಡ್ಯೂಟಿ, ಮೊಮ್ಮಗಳು ಒಂದನೇ ಕ್ಲಾಸ್. ಒಬ್ಬಾಕಿನೇ ಅಲ್ಲಿ ಯಾಕ ಕೂತೀದಿ, ಮನಿ ಕೀಲಿ ಹಾಕಿ ಬಂದು ಬಿಡವ್ವಾ ಅಂತ ವಾರಾ ವಾರಾ ಫೋನ್ ಮಾಡ್ತಾನ. ಮನಿಯಿಂದ ಸಮುದ್ರ ಹತ್ತು ನಿಮಿಷದ ನಡಿಗಿ ಅಂತ, ವಿಡಿಯೋ ಕಾಲ್‌ದಾಗ ತೋರಿಸ್ತಾನ. ಚೆಂದ ಅದ ಖರೆ, ಆದ್ರ ಚೆಂದ ನೋಡ್ಕೋತ ಎಷ್ಟೊತ್ತು ಕೂಡೂದು ಅನ್ನೂದೇ ನನ್ನ ಪ್ರಶ್ನಿ.

ಇಲ್ಲಿ ನಂದು ಹಿಂಗ ಅದ ನೋಡ್ರಿ, ಮುಂಜಾನಿ ಐದೂವರಿಗಿ ಎದ್ದು ಶರಣಬಸವೇಶ್ವರ ಗುಡಿಗಿ ಹೋಗಿ ಅಪ್ಪನ ಕೆರಿ ಒಂದು ಸುತ್ತು ಹಾಕಿ ಬರ್ತೀನಿ, ದಾರ್ಯಾಗ ನನ್ನ ಹತ್ರ ಕಲ್ತ ಹುಡುಗ್ರು ಈಗ ಮಕ್ಕಳ ಕೈ ಹಿಡ್ಕೊಂಡು ಭೆಟ್ಟಿ ಆಗ್ತಾರ, ಟೀಚರ್ ಅರಾಮ ಅದೀರಾ ಅಂತ ಕೇಳ್ತಾರ, ಹತ್ತು ಗಂಟಿಗಿ ತರಕಾರಿ ಗಾಡಿ, ಸಂಜಿಕ ಓಣಿ ಮಕ್ಕಳು ಐದಾರು ಮಂದಿ ಕನ್ನಡ ಓದ್ಲಾಕ ಬರ್ತಾವ. ಅಲ್ಲಿ ನನಗ ಯಾರು ಗೊತ್ತದಾರ? ಸಮುದ್ರ ಒಂದೇ ಸಲ ನೋಡೀನಿ, ಶಾಲಿ ಟೂರಿಗಿ ಮಕ್ಕಳನ್ನ ಗೋಕರ್ಣಕ್ಕ ಕರಕೊಂಡು ಹೋದಾಗ, ಆವಾಗೂ ಮಕ್ಕಳು ನೀರಿಗಿ ಇಳೀತಾವೋ ಅನ್ನೋ ಫಿಕರ್‌ದಾಗ ನೀರ್ ಕಡಿ ನೋಡಿದ್ದಕಿಂತ ಮಕ್ಕಳ ತಲಿ ಎಣಿಸಿದ್ದೇ ಹೆಚ್ಚು.

ನಮ್ಮ ಕಡಿಯವರು ಹಿಂಗ ರಿಟೈರ್ ಆಗಿ ಪರದೇಶದಾಗ ಸಮುದ್ರದ ಹತ್ರ ಇದ್ದವರು ಯಾರರ ಇದ್ರ ಖರೆ ಖರೆ ಹೇಳ್ರಿ. ನಸೀಬ್ ಮಾಡಿದ್ರಿ, ಹೋಗ್ರಿ ಅಂತ ಎಲ್ಲಾರೂ ಅಂತಾರ. ನನಗ ದಿನದ ಲೆಕ್ಕ ಬೇಕು, ಮುಂಜಾನಿಯಿಂದ ರಾತ್ರಿ ತನ ಏನ್ ಮಾಡ್ತೀರಿ ಅನ್ನೂದು.

ಚಿಂಚೋಳಿ ಹುಡುಗ:

ಟೀಚರ್, ನಾನು ಹಿರೇರ ಪೈಕಿ ಅಲ್ಲ, ಆದ್ರ ನಮ್ಮ ಅವ್ವನ ವೀಸಾ ನಾನೇ ಮಾಡ್ಸೀನಿ, ಅದಕ್ಕ ಅಷ್ಟು ಹೇಳ್ತೀನಿ. ಮೊದಲ ಸಲ ವಿಸಿಟರ್ ವೀಸಾದಾಗೇ ಹೋಗ್ರಿ, 600 ಅಂತಾರ ಅದಕ್ಕ. ವೀಸಾ ಲೆಟರ್‌ದಾಗ 8503 ಅಂತ ಕಂಡಿಷನ್ ಅದನಾ ನೋಡ್ಕೋರಿ, ಇದ್ರ ಅಲ್ಲಿ ಕೂತು ಬೇರೆ ವೀಸಾಕ್ಕ ಅರ್ಜಿ ಹಾಕ್ಲಾಕ ಬರಲ್ಲ. ಹಿಡಿಸಿದ್ರ ಆಮ್ಯಾಲ 870 ಅಂತ ಪೇರೆಂಟ್ ವೀಸಾ ಅದ, 3 ವರ್ಷ ಇಲ್ಲಾ 5 ವರ್ಷದ್ದು, ಎಲ್ಲಾ ಕೂಡಿ 10 ವರ್ಷ ತನ ಇರಬಹುದು. ಅದಕ್ಕ ಮೊದಲ ನಿಮ್ಮ ಮಗ ಸ್ಪಾನ್ಸರ್ ಅಂತ ಪಾಸ್ ಆಗ್ಬೇಕು, ಫೀಸ್ ಸಾವಿರಾರು ಡಾಲರ್. ಎರಡೂ ವೀಸಾದಾಗ ಅಲ್ಲಿ ಸರ್ಕಾರದ ಮೆಡಿಕೇರ್ ನಮಗ ಸಿಗಲ್ಲ, ಇನ್ಶೂರೆನ್ಸ್ ನಾವೇ ತಗೋಬೇಕು.

ಬೀದರ್ ಡ್ರೈವರ್ (ಸದ್ಯ ಪರ್ತ್):

ಅಕ್ಕೋರೇ ನಮಸ್ಕಾರ್ರಿ. ನಾನು ಬೀದರ್‌ದವ, ಸರ್ಕಾರಿ ಬಸ್ 31 ವರ್ಷ ನಡಸೀನಿ, ಸೇರಿದಾಗ ಕೆಎಸ್‌ಆರ್‌ಟಿಸಿ ಇತ್ತು, 2000ದಾಗ ಈಶಾನ್ಯ ಸಾರಿಗೆ ಆತು, ಈಗ ಕಲ್ಯಾಣ ಕರ್ನಾಟಕ ಸಾರಿಗೆ ಅಂತಾರ. ಈಗ 66, ಮಗಳ ಹತ್ರ ಪರ್ತ್‌ದಾಗೇ ಹೀನಿ, ಆ ತಮ್ಮ ಹೇಳಿದ 870 ವೀಸಾ ಮ್ಯಾಲ, ಎರಡನೇ ವರ್ಷ ನಡೀಲತ್ತದ. ನೀವು ದಿನದ ಲೆಕ್ಕ ಕೇಳೀರಿ, ಪೂರಾ ಹೇಳ್ತೀನಿ, ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲ ಮೂರು ತಿಂಗಳು ಭಾಳ ಕೆಟ್ಟದಿತ್ತು. ಮಗಳು ಅಳಿಯ 7ಕ್ಕ ಹೋದ್ರ ಸಂಜಿ 6ಕ್ಕ ಬರೋರು, ನಡುವ ಹನ್ನೊಂದು ತಾಸು. ಬಾಗಲ ಬಡಿಯೋರು ಯಾರೂ ಇಲ್ಲ, ಹಾಲಿನವ ಇಲ್ಲ ಪೇಪರ್‌ದವ ಇಲ್ಲ, ಓಣ್ಯಾಗ ಕಾರು ಹೋಗ್ತಾವ ಮನಶಾ ಕಾಣಂಗಿಲ್ಲ. ಟೈಮ್ ನಮ್ಮಕಿಂತ ಎರಡೂವರಿ ತಾಸು ಮುಂದ, ಇಲ್ಲಿ ಎಂಟಾದ್ರ ಬೀದರ್‌ದಾಗ ಇನ್ನೂ ಐದೂವರಿ, ಯಾರಿಗಿ ಫೋನ್ ಮಾಡ್ತೀರಿ? ನಾನು ಮಗಳು ಬರೋ ದಾರಿ ಕಾಯ್ಕೋತ ಕೂಡೋನು, ಅಕಿ ಬಂದಕೂಡಲೇ ಎಲ್ಲಾ ಮಾತು ಅಕಿ ಮ್ಯಾಲೇ ಸುರಿಯೋನು, ಅಕಿಗಿ ದಣಿವು, ನನಗ ಸಿಟ್ಟು. ಒಂದಿನ ಅಕಿ ಅಡಗಿ ಮನ್ಯಾಗ ನಿಂತು ಅಳೂದು ನೋಡಿದೆ. ಅವತ್ತೇ ರಾತ್ರಿ ಒಂದು ಹಾಳ್ಯಾಗ ಡ್ಯೂಟಿ ಚಾರ್ಟ್ ಬರಕೊಂಡೆ, ಡಿಪೋದಾಗ ಹಚ್ಚತಾರಲ್ಲ ಹಂಗ. ಎಷ್ಟು ಗಂಟಿಗಿ ಹೊರಡೂದು, ಯಾವ ಸ್ಟಾಪಿನಾಗ ಎಷ್ಟೊತ್ತು, ಎಷ್ಟಕ್ಕ ವಾಪಸ್ ಅಂತ.

ಈಗ ಹಿಂಗ. ಬ್ಯಾಸಗಿದಾಗ ಐದೂ ಮುಕ್ಕಾಲಿಗಿ ಸಮುದ್ರದ ದಂಡಿಗಿ. ಇಲ್ಲಿ ಬ್ಯಾಸಗಿ ಅಂದ್ರ ಡಿಸೆಂಬರಿಂದ ಫೆಬ್ರವರಿ, ನಮ್ಮಲ್ಲಿ ತೊಗರಿ ರಾಶಿ ಮಾಡೋ ಹೊತ್ತಿಗಿ ಇಲ್ಲಿ 40 ಡಿಗ್ರಿ. ಮುಂಜಾನಿ ಮೂಡಗಾಳಿ ಬೀಸ್ತದ, ಒಳನಾಡಿನ ಒಣಾ ಬಿಸಿ ಗಾಳಿ, ಥೇಟ್ ನಮ್ಮ ಏಪ್ರಿಲ್ ಗಾಳಿ. ಮಧ್ಯಾಹ್ನ ದಾಟಿದ ಮ್ಯಾಲ ಗಾಳಿ ತಿರುಗಿ ಸಮುದ್ರದ ಕಡಿಯಿಂದ ತಂಪಾಗಿ ಬರ್ತದ, ಭೂಮಿ ಕಾದು ಮ್ಯಾಲಿನ ಬಿಸಿ ಗಾಳಿ ಏಳ್ತದಲ್ಲ, ಆ ಜಾಗಕ್ಕ ನೀರ ಮ್ಯಾಲಿನ ಗಾಳಿ ನುಗ್ತದ. ಇಲ್ಲಿ ಮಂದಿ ಅದಕ್ಕ ಫ್ರೀಮ್ಯಾಂಟಲ್ ಡಾಕ್ಟರ್ ಅಂತ ಹೆಸರಿಟ್ಟಾರ, ಫ್ರೀಮ್ಯಾಂಟಲ್ ಅನ್ನೂದು ಹತ್ರದ ಬಂದರು ಊರು. ಖರೇನೇ ಡಾಕ್ಟರ್ ಬಂದಂಗ ಆಗ್ತದ ಜೀವಕ್ಕ.

ದಂಡಿ ಮ್ಯಾಲ ಮುಂಜಾನಿ ದಿನಾ ಅವೇ ಮುಖಾ. ಎಂಭತ್ತು ದಾಟಿದ ಮುದುಕ್ಯಾರು ಚಳಿಗಾಲದಾಗೂ ನೀರಿಗಿ ಇಳೀತಾರ ರೀ. ಮೊದಲ ಬರೇ ತಲಿ ಅಲ್ಲಾಡಿಸೋರು, ಆಮ್ಯಾಲ ಮಾರ್ನಿಂಗ್ ಅನ್ನೋರು, ಈಗ ಎರಡು ದಿನ ಹೋಗಲಿಲ್ಲಂದ್ರ ತಬಿಯತ್ ಹ್ಯಾಂಗದ ಅಂತ ಕೇಳ್ತಾರ. ನನ್ನ ಇಂಗ್ಲಿಷ್ ಡಿಪೋ ಇಂಗ್ಲಿಷ್, ಅದೇ ಸಾಕಾಗ್ಯದ. ಕುಂದ್ರೂ ಬೆಂಚಿಗಿ ಸಣ್ಣ ಹಿತ್ತಾಳಿ ತಗಡು ಬಡದಿರ್ತಾರ, ತೀರಿಕೊಂಡವರ ಹೆಸರು ಹಾಕಿ, ಇವರಿಗಿ ಈ ಜಾಗ ಭಾಳ ಸೇರ್ತಿತ್ತು ಅಂತ. ನಾನು ಕುಂದ್ರೂ ಬೆಂಚಿನ್ಯಾಗ ಒಬ್ಬ ತಾಯಿ ಹೆಸರದ. ದಿನಾ ಕೂಡೋ ಮೊದಲ ಅದನ್ನ ಕೈಲೆ ಒರಸಿ ಕೂಡ್ತೀನಿ, ಉಪ್ಪು ಗಾಳಿಗಿ ತಗಡು ಜಲ್ದಿ ಮಂಕಾಗ್ತದ. ಮನ್ಯಾಗೂ ಹಂಗೇ, ಮಗಳಿಗಿ ಅಂತ ಬೀದರಿಂದ ತಂದ ಬಿದ್ರಿ ಹೂಜಿ ಮ್ಯಾಲಿನ ಬೆಳ್ಳಿ ಗೆರಿ ಮಂಕಾಗ್ಲತ್ತದ, ವಾರಕ್ಕೊಮ್ಮೆ ಒಣಾ ಬಟ್ಟಿಲೆ ಒರಸೂದು ನನ್ನ ಚಾರ್ಟಿನ್ಯಾಗ ಅದ.

ಒಂಬತ್ತಕ್ಕ ಮನಿಗಿ ಬಂದು ನಾಷ್ಟಾ, ಆಮ್ಯಾಲ ಲೈಬ್ರರಿ. ಊರಿನ ಲೈಬ್ರರಿ ಫುಕಟ್, ಎಸಿ ಅದ, ನಮ್ಮೂರ ಪೇಪರ್ ಕಂಪ್ಯೂಟರ್‌ದಾಗ ಓದ್ತೀನಿ, ವಾರಕ್ಕೊಂದು ದಿನ ಇಂಗ್ಲಿಷ್ ಮಾತಾಡೋ ಕ್ಲಾಸ್, ಅಲ್ಲಿ ಚೀನಾದವರು ಇರಾನ್‌ದವರು ಎಲ್ಲಾ ನಮ್ಮಂಗೇ ಮಕ್ಕಳ ಹತ್ರ ಬಂದ ಹಿರೇರು. ಇದಕ್ಕ ಪಕ್ಕಾ ಹೋಗ್ರಿ ಅಕ್ಕೋರೇ.

ಬುಧವಾರ ಬಸ್ಸಿನ ದಿನ. ಪರ್ತ್ ಪೇಟಿ ನಡುವ ಕ್ಯಾಟ್ ಅಂತ ಬಸ್ ಅದಾವ, ಕೆಂಪು ಹಳದಿ ನೀಲಿ ಹಂಗ ಬಣ್ಣದ ಮ್ಯಾಲ ರೂಟು, ಟಿಕೆಟೇ ಇಲ್ಲ. ಮೊದಲ ಸಲ ಬಸ್ ಹತ್ತಿದಾಗ ಒಂದು ನೋಡಿದೆ, ಇಳಿಯೋ ಮಂದಿ ಡ್ರೈವರ್‌ಗಿ ಥ್ಯಾಂಕ್ಯೂ ಅಂದೇ ಇಳೀತಾರ, ಹುಡುಗ್ರು ಮುದುಕ್ರು ಎಲ್ಲಾರೂ, ಹಿಂದಿನ ಬಾಗಲದಿಂದ ಇಳಿಯೋರು ಸೈತ ಕೂಗಿ ಹೇಳ್ತಾರ. ನಾನು ಬೀದರ್ ಬೆಂಗಳೂರು ರಾತ್ರಿ ಗಾಡಿ ಎಷ್ಟು ವರ್ಷ ನಡಸೀನಿ, ನಿದ್ದಿಗೆಟ್ಟು ಮುಂಜಾನಿ ಮುಟ್ಟಸಿದ್ರ ಮಂದಿ ಕಣ್ಣು ತಿಕ್ಕೋತ ಇಳದು ಹೋಗೋರು, ಅವರ ತಪ್ಪಲ್ಲ, ನಮ್ಮಲ್ಲಿ ಆ ರೂಢಿ ಇಲ್ಲ. ಆದ್ರ ಅವತ್ತು ಆ ಬಸ್ಸಿನಾಗ ಕೂತು ನನಗ ಕಣ್ಣಾಗ ನೀರು ಬಂತು.

ನಮ್ಮ ಹಬ್ಬ ಬಿಟ್ಟಿಲ್ಲ. ಎಳ್ಳಮಾಸಿಗಿ ಕಲಬುರಗಿ ಬೀದರ್ ಕಡಿಯ ನಾಕು ಮನಿಯವರು ಕೂಡಿ ಸಮುದ್ರದ ಹತ್ರ ಪಾರ್ಕಿಗಿ ಹೋಗಿದ್ವಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಅಲ್ಲಿ ಪಾರ್ಕಿನ್ಯಾಗ ಕರೆಂಟಿನ ಹಂಚು ಇಟ್ಟಿರ್ತಾರ, ಬಟನ್ ಒತ್ತಿದ್ರ ಕಾಯ್ತದ, ರೊಕ್ಕ ಇಲ್ಲ. ಮಾಂಸ ಸುಡೋ ಜಾಗ ಅಂತ ಹೆಣ್ಣಮಕ್ಕಳು ಮ್ಯಾಲ ಫಾಯಿಲ್ ಹಾಸಿ ರೊಟ್ಟಿ ಬಿಸಿ ಮಾಡಿದ್ರು. ಚರಗ ಚೆಲ್ಲಾಕ ಹೊಲ ಇಲ್ಲ, ಗಿಡದ ಬುಡಕ್ಕ ಒಂದು ತುತ್ತು ಇಟ್ಟು ಕೈ ಮುಗದೆ. ಜ್ವಾಳದ ಹಿಟ್ಟು ಇಂಡಿಯನ್ ಅಂಗಡ್ಯಾಗ ಸಿಗ್ತದ, ರುಚಿ ನಮ್ಮ ಮಾಲದಂಡಿದಲ್ಲ ಆದ್ರ ರೊಟ್ಟಿ ಬಡೀಲಾಕ ಬರ್ತದ.

ಸೇಡಂ ಕಾಕಾ:

ಎಲ್ಲಾ ಒಳ್ಳೇದೇ ಬರೀಲತ್ತೀರಿ, ನಂದೂ ಒಂದು ಕೇಳ್ರಿ. ನಾನು ಮಗನ ಹತ್ರ ವೊಲೊಂಗಾಂಗ್‌ದಾಗ ಏಳು ತಿಂಗಳು ಇದ್ದು ವಾಪಸ್ ಬಂದೀನಿ. ಅದೂ ಸಮುದ್ರದ ಊರು, ಸಿಡ್ನಿಯಿಂದ ದಕ್ಷಿಣಕ್ಕ, ಪರ್ತ್‌ದಾಗ ಸೂರ್ಯ ನೀರಾಗ ಮುಳುಗ್ತಾನ, ಅಲ್ಲಿ ನೀರಾಗಿಂದ ಏಳ್ತಾನ. ಹೆಲೆನ್ಸ್‌ಬರ್ಗ್‌ದಾಗ ವೆಂಕಟೇಶ್ವರ ಗುಡಿ ಭಾಳ ಚೊಲೊ ಅದ, ಅಲ್ಲಿ ಹೋದ ದಿನ ಅಷ್ಟೇ ನನಗ ನಮ್ಮ ಮಂದಿ ನಡುವ ಇದ್ದಂಗ ಅನಸ್ತಿತ್ತು. ಟೈಮ್ ನಾಕೂವರಿ ತಾಸು ಮುಂದ, ಬ್ಯಾಸಗಿದಾಗ ಗಡಿಯಾರ ಒಂದು ತಾಸು ಮುಂದ ಮಾಡ್ತಾರ ಆವಾಗ ಐದೂವರಿ.

ನಾ ವಾಪಸ್ ಬಂದಿದ್ದು ಬ್ಯಾಸರಕ್ಕಲ್ಲ. ದಂಡಿ ಮ್ಯಾಲಿನ ಕಲ್ಲಿನ್ಯಾಗ ಪಾಚಿ ಇತ್ತು, ಕಾಲು ಜಾರಿ ಬಿದ್ದೆ, ಮಣಿಕಟ್ಟು ಮುರೀತು, ಬಿದ್ದಾಗ ಬಿಪಿ ಏರಿ ಎರಡು ದಿನ ದವಾಖಾನ್ಯಾಗ ಇಟ್ಟುಕೊಂಡ್ರು. ಇಲ್ಲಿಂದ ಹೋಗೋವಾಗ ಏಜೆಂಟ್ ಅಂದಿದ್ದ, ಬಿಪಿ ಅಂತ ಬರದ್ರ ಪ್ರೀಮಿಯಂ ಹೆಚ್ಚಾಗ್ತದ ಕಾಕಾ ಬಿಡ್ರಿ ಅಂತ, ನಾನೂ ಹ್ಞೂಂ ಅಂದೆ. ಇನ್ಶೂರೆನ್ಸ್‌ನವರು ಮುಚ್ಚಿಟ್ಟೀರಿ ಅಂತ ಕ್ಲೇಮ್ ಕೊಡಲಿಲ್ಲ. ಆ ಬಿಲ್ ಮಗ ಕಂತಿನ ಮ್ಯಾಲ ಕಟ್ಟಿದ. ಅವ ಒಂದು ಮಾತೂ ಅನ್ನಲಿಲ್ಲ, ಆದ್ರ ನನಗ ಅಲ್ಲಿ ಕೂಳು ಇಳೀಲಿಲ್ಲ, ಬಂದು ಬಿಟ್ಟೆ. ಟೀಚರ್, ಬಿಪಿ ಶುಗರ್ ಏನಿದ್ರೂ ಫಾರಂದಾಗ ಪೂರಾ ಬರೀರಿ, ರೊಕ್ಕ ಹೆಚ್ಚಾದ್ರ ಆಗಲಿ. ಗುಳಿಗಿ ಮೂರು ತಿಂಗಳಿಗಾಗೋಷ್ಟು ಒಯ್ಲಾಕ ಬಿಡ್ತಾರ, ಡಾಕ್ಟರ್ ಚೀಟಿ ಇಂಗ್ಲಿಷ್‌ದಾಗ ಟೈಪ್ ಮಾಡ್ಸಿಕೊಂಡು ಸಂಗಟ ಇಟ್ಕೋರಿ.

ಶಹಾಪುರ ಅಕ್ಕ (ಮಸ್ಕತ್):

ನಾವು ಮಸ್ಕತ್‌ದಾಗ ಹೀವಿ, ಮಗನ ಮನಿ. ನಮ್ಮವರು ಭೀಮರಾಯನಗುಡಿದಾಗ ನೀರಾವರಿ ಇಲಾಖೆದಾಗ ಇದ್ರು, ರಿಟೈರ್ ಆಗ್ಯಾರ. ಟೀಚರ್ ಪರ್ತ್ ಬ್ಯಾರೆ ಇದು ಬ್ಯಾರೆ, ಆದ್ರೂ ಬರೀತೀನಿ ಯಾಕಂದ್ರ ನನಗೂ ನಿಮ್ಮಂಗೇ ಹೆದರಿಕಿ ಇತ್ತು.

ಇಲ್ಲಿ ಬಿಸಿಲಿಗಿ ನಾ ಹೆದರಲಿಲ್ಲ, ಯಾದಗಿರಿ ಕಡಿ 43 ಡಿಗ್ರಿ ನೋಡಿದವರು ನಾವು. ಆದ್ರ ಸಮುದ್ರದ ಹತ್ರದ ಸೆಕಿ ಬ್ಯಾರೇನೇ, ಗಾಳ್ಯಾಗೇ ನೀರು ತುಂಬಿರ್ತದ, ಬೆವರು ಆರಂಗಿಲ್ಲ, ಎಸಿ ಮನಿಯಿಂದ ಹೊರಗ ಕಾಲಿಟ್ರ ಚಷ್ಮಾ ಮಂಜಾಗ್ತದ. ಅದಕ್ಕ ಜೂನ್ ಜುಲೈದಾಗ ನಸುಕಿನ್ಯಾಗ ಇಲ್ಲಾ ಸಂಜಿ ಮಗರಿಬ್ ನಮಾಜ್ ಆದ ಮ್ಯಾಲೇ ದಂಡಿಗಿ ಹೋಗೂದು. ನಮ್ಮವರಿಗಿ ಮುತ್ರಾ ಮೀನು ಮಾರ್ಕೆಟ್ ಹುಚ್ಚು, ನಾವು ತಿನ್ನೋರಲ್ಲ, ಬರೇ ದೋಣಿ ಬರೂದು ನೋಡ್ಲಾಕ ಹೋಗ್ತಾರ. ಇನ್ನೊಂದು ಅವರ ತಲಿ ಕೆಡಿಸಿದ್ದು ಏನಂದ್ರ ಇಲ್ಲಿ ನಳದ ನೀರು ಸಮುದ್ರದ್ದೇ, ಉಪ್ಪು ತೆಗೆದು ಪೈಪಿನ್ಯಾಗ ಬಿಡ್ತಾರ. ನಾರಾಯಣಪುರ ಡ್ಯಾಮಿನ ನೀರು ಕಾಲುವಿಗಿ ಬಿಡೋ ಲೆಕ್ಕ ಹಾಕ್ಕೋತ ಜಲ್ಮಾ ಕಳದ ಮನಶಾ, ಒಂದು ಗ್ಲಾಸ್ ನೀರು ಕೈಯಾಗ ಹಿಡ್ಕೊಂಡು ಎಷ್ಟೊತ್ತು ನೋಡಿದ್ರು ಅಂತೀರಿ.

ಭಾಷಾದ ಫಿಕರ್ ನಮಗ ಇಲ್ಲಿ ಆಗಲಿಲ್ಲ. ಬಲೂಚಿ ಮಂದಿ ಭಾಳ ಅದಾರ, ಈಗ ಪಾಕಿಸ್ತಾನದಾಗಿರೋ ಬಲೂಚಿ ಮಂದಿ ಊರು ಗ್ವಾದರ್ 1958ರ ತನಕ ಒಮಾನ್‌ದ್ದೇ ಇತ್ತಲ್ಲ. ಅವರಿಗಿ ಹಿಂದಿ ಉರ್ದು ಬರ್ತದ, ನಮ್ಮ ಶಹಾಪುರ ಬಜಾರದ ದಖನಿ ಹಚ್ಚಿದ್ರ ನಡೀತದ. ಹಳೆ ಮಸ್ಕತ್‌ದಾಗ ಅರಮನಿ ಹತ್ರ ಶಿವನ ಗುಡಿ ಅದ, ದಾರ್ಸೈಟ್‌ದಾಗ ಕೃಷ್ಣನ ಗುಡಿ. ಸೋಮವಾರ ಶಿವನ ಗುಡಿ ಬಿಟ್ಟಿಲ್ಲ ನಾನು. ನೀವು ಗುಡಿ ಮಾತು ತಗದೀರಿ ಅದಕ್ಕ ಹೇಳಿದೆ, ಗುಡಿ ಒಂದು ಹತ್ರ ಇದ್ರ ವಾರಕ್ಕೊಂದು ಗಂಟು ಬಿದ್ದಂಗ, ದಿನಾ ಕೈ ಜಾರಿ ಹೋಗಲ್ಲ.

ಬ್ರಹ್ಮಪುರ ಟೀಚರ್, ಕಲಬುರಗಿ:

ನೀವೆಲ್ಲಾ ಇಷ್ಟು ಮನಸು ಬಿಚ್ಚಿ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಕಾಕಾ, ನಿಮ್ಮ ಮಾತು ಓದಿ ಇವತ್ತೇ ನನ್ನ ಶುಗರ್ ರಿಪೋರ್ಟ್ ತಗದಿಟ್ಟೆ. ಡ್ರೈವರ್ ಅಣ್ಣಾರ, ನಿಮ್ಮ ಮಗಳು ಅಡಗಿ ಮನ್ಯಾಗ ಅತ್ತಿದ್ದು ಓದಿದಾಗ ನನಗ ನನ್ನ ಸೊಸಿನೇ ಕಂಡಂಗ ಆತು, ಅಕಿ ರಾತ್ರಿ ಶಿಫ್ಟ್ ಮುಗಿಸಿ ಬಂದಾಗ ನಾ ಮಾತಿಗಿ ಕಾಯ್ಕೋತ ಕೂತ್ರ ಅಕಿ ಗತಿ ಏನು. ಎರಡು ಪ್ರಶ್ನಿ ಅದಾವ. ನೀರಿಗಿ ನನಗ ಅಂಜಿಕಿ, ಮೊಮ್ಮಗಳು ಕೈ ಹಿಡದು ಎಳದ್ರ ಏನ್ ಮಾಡ್ಲಿ? ಎರಡನೇದು ನವೆಂಬರ್‌ದಾಗ ನಾ ಅಲ್ಲಿದ್ರ ಪಿನ್ಷನ್ ಲೈಫ್ ಸರ್ಟಿಫಿಕೇಟ್ ಹ್ಯಾಂಗ ಕೊಡೂದು?

ಚಿಂಚೋಳಿ ಹುಡುಗ:

ಪಿನ್ಷನ್‌ದು ನಾ ಹೇಳ್ತೀನಿ. ಜೀವನ್ ಪ್ರಮಾಣ್ ಆ್ಯಪ್ ಮತ್ತ ಆಧಾರ್ ಫೇಸ್ ಆರ್‌ಡಿ ಆ್ಯಪ್ ಎರಡೂ ಹೋಗೋ ಮೊದಲೇ ಫೋನಿಗಿ ಹಾಕಿಕೊಂಡು ಒಮ್ಮೆ ಇಲ್ಲೇ ಮಾಡಿ ನೋಡ್ರಿ, ಮುಖ ತೋರಿಸಿದ್ರ ಆಗ್ತದ. ಒಟಿಪಿ ಇಂಡಿಯಾ ನಂಬರಿಗೇ ಬರ್ತದ, ಅದಕ್ಕ ಸಿಮ್ ಬಂದ್ ಆಗದಂಗ ರೀಚಾರ್ಜ್ ಮಾಡ್ಕೋತ ಇರ್ರಿ, ರೋಮಿಂಗ್ ಚಾಲೂ ಮಾಡ್ಸಿರಿ. ಆಪ್‌ದಾಗ ಆಗಲಿಲ್ಲಂದ್ರ ಪರ್ತ್‌ದಾಗ ನಮ್ಮ ದೇಶದ ಕಾನ್ಸುಲೇಟ್ ಅದ, ಅಲ್ಲಿ ಸಹಿ ಮಾಡ್ಸಿ ಕಳಸಬಹುದು. ಯಾವುದು ನಡೀತದ ಅಂತ ನಿಮ್ಮ ಬ್ಯಾಂಕಿನ್ಯಾಗ ಹೋಗೋ ಮೊದಲ ಕೇಳ್ಕೊಂಡು ಬರ್ರಿ.

ಬೀದರ್ ಡ್ರೈವರ್ (ಸದ್ಯ ಪರ್ತ್):

ಅಕ್ಕೋರೇ, ನೀರಿನ ಅಂಜಿಕಿ ಇರೂದು ಒಳ್ಳೇದು. ನನಗ ಇರಲಿಲ್ಲ, ನರಸಿಂಹ ಝರಣಿದಾಗ ಎದಿಮಟ ನೀರಾಗ ನಡದು ದೇವರ ದರ್ಶನ ಮಾಡಿದವರು ನಾವು ಇದೇನ್ ಮಹಾ ಅಂತ ಮೊಣಕಾಲ ಮಟ ಇಳದೆ. ತೆರಿ ವಾಪಸ್ ಹೋಗೋವಾಗ ಕಾಲ ಕೆಳಗಿನ ಉಸುಕು ಎಳಕೊಂಡು ಹೋತು, ಬಿದ್ದೆ, ಎದ್ದೆ, ಮತ್ತ ಬಿದ್ದೆ. ಕಾವಲು ಹುಡುಗ್ರು ಓಡಿ ಬಂದು ತೋಳು ಹಿಡದು ಎಳದ್ರು. ಅವರು ಹೇಳಿಕೊಟ್ಟಿದ್ದು ಹೇಳ್ತೀನಿ. ದಂಡಿ ಮ್ಯಾಲ ಕೆಂಪು ಹಳದಿ ಬಾವುಟ ಎರಡು ಹುಗದಿರ್ತಾರ, ಅವೆರಡರ ನಡುವ ಅಷ್ಟೇ ನೀರಿಗಿ ಇಳೀಬೇಕು, ಬಾವುಟ ಇಲ್ಲಂದ್ರ ಇಳೀಬಾರದು. ತೆರಿ ಒಡೀದೇ ಶಾಂತ ಕಾಣೋ, ಜರಾ ಕಪ್ಪಗಿರೋ ಪಟ್ಟಿ ಇರ್ತದಲ್ಲ, ಹೊಸಬರಿಗಿ ಅದೇ ಚೊಲೊ ಅನಸ್ತದ, ಅದೇ ಒಳಗ ಎಳಿಯೋ ಹರಿವು. ಮೊಮ್ಮಗಳಿಗಿ ಶಾಲ್ಯಾಗ ಈಜು ಕಲಿಸ್ತಾರ, ಬಾವುಟದ್ದು ಅಕಿಗೇ ನಿಮಗಿಂತ ಚೊಲೊ ಗೊತ್ತಿರ್ತದ, ಅಕಿ ಕಡಿಯಿಂದೇ ಕಲೀರಿ. ನೀವು ಅಕಿಗಿ ಕನ್ನಡ ಅಕ್ಷರ ಒದ್ದಿ ಉಸುಕಿನ್ಯಾಗ ಬರಸ್ರಿ, ಅಂಥ ದೊಡ್ಡ ಪಾಟಿ ಕಲಬುರಗಿದಾಗ ಎಲ್ಲೂ ಸಿಗಲ್ಲ ನಿಮಗ.

ಬಿಸಿಲಿಂದೂ ಹೇಳ್ಬೇಕು. ಗಾಳಿ ತಂಪಿರ್ತದ, ಬಿಸಿಲು ಚುರ್ ಅನ್ನಂಗಿಲ್ಲ, ರಾತ್ರಿ ಮಲಗಿದ ಮ್ಯಾಲ ತೊಗಲು ಉರೀತದ. ಫೋನಿನ್ಯಾಗ ಯುವಿ ಅಂತ ನಂಬರ್ ತೋರಸ್ತದ, 3 ಮುಟ್ಟಿದ್ರ ಟೊಪ್ಪಿಗಿ, ಕ್ರೀಮ್, ತುಂಬು ತೋಳು ಬೇಕೇ ಬೇಕು, ಬ್ಯಾಸಗಿ ಮಧ್ಯಾಹ್ನ ಆ ನಂಬರ್ 11ರ ಮ್ಯಾಲೇ ಇರ್ತದ. ನಮ್ಮ ತೊಗಲು ಕಪ್ಪು ನಮಗೇನಾಗಲ್ಲ ಅಂತ ಬಿಡಬ್ಯಾಡ್ರಿ.

ಬ್ರಹ್ಮಪುರ ಟೀಚರ್, ಕಲಬುರಗಿ:

ಉಸುಕಿನ ಪಾಟಿ ಮಾತು ಮನಸಿಗಿ ಭಾಳ ಹತ್ತಿತು ಅಣ್ಣಾರ. ಮಗನಿಗಿ ಫೋನ್ ಮಾಡಿ ಹೇಳೀನಿ, ಶರಣಬಸವೇಶ್ವರ ಜಾತ್ರಿ ತೇರು ನೋಡಿ ಬರ್ತೀನಿ, ಮೊದಲ ಆರು ತಿಂಗಳು ಅಷ್ಟೇ, ಮನಿ ಮಾರೂ ಮಾತು ತಗೀಬ್ಯಾಡ ಅಂತ. ಓಣಿ ಹುಡುಗ್ರಿಗಿ ಪರೀಕ್ಷಾ ಮುಗಿದಿರ್ತದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಬರ್ಲಾಕ ಬಿಡ್ತಾರೇನ್ರಿ? ಪುಂಡಿ ಪಲ್ಯ ಅಲ್ಲಿ ಸಿಗಲ್ಲ ಅಂತ ಬೀಜಾ ಕಟ್ಟಿಟ್ಟೀನಿ, ಹಿತ್ತಲದಾಗ ಹಾಕಬೇಕಂತ. ನಮ್ಮ ತಂಗಿ ಜೇನುತುಪ್ಪ ಬ್ಯಾರೆ ಕೊಟ್ಟಾಳ.

ಬೀದರ್ ಡ್ರೈವರ್ (ಸದ್ಯ ಪರ್ತ್):

ಬೀಜಾ ತರಲೇ ಬ್ಯಾಡ್ರಿ, ಜೇನುತುಪ್ಪನೂ ಬ್ಯಾಡ, ಪರ್ತ್ ಕಡಿ ಜೇನಿಗಿ ಎಷ್ಟು ಬಿಗಿ ಅಂದ್ರ ಆಸ್ಟ್ರೇಲಿಯಾದ ಬ್ಯಾರೆ ರಾಜ್ಯದ್ದು ಸೈತ ಒಳಗ ಬಿಡಂಗಿಲ್ಲ, ಹುಳಕ್ಕ ರೋಗ ಬರ್ತದಂತ. ಖಡಕ್ ರೊಟ್ಟಿ, ಹಿಂಡಿ ತರ್ರಿ, ಆದ್ರ ವಿಮಾನದಾಗ ಕೊಡೋ ಕಾರ್ಡಿನ್ಯಾಗ ತಿನ್ನೋ ಸಾಮಾನು ಅದ ಅಂತ ಟಿಕ್ ಮಾಡ್ರಿ, ತಗದು ತೋರಿಸ್ರಿ, ಬ್ಯಾಡಂದ್ರ ತಗೋತಾರ ಅಷ್ಟೇ, ಮುಚ್ಚಿಟ್ರ ದಂಡ ಹಾಕ್ತಾರ. ಪುಂಡಿ ಫಿಕರ್ ಬಿಡ್ರಿ. ಇಲ್ಲಿ ತೆಲುಗು ಮಂದಿ ಹಿತ್ತಲದಾಗ ಗೋಂಗೂರ ಬೆಳೀತಾರ, ಅದೇ ನಮ್ಮ ಪುಂಡಿ. ಒಬ್ಬರ ಕಡಿಯಿಂದ ಸಸಿ ಇಸಕೊಂಡು ನಾನೂ ಹಚ್ಚೀನಿ, ನೀವು ಬರೋ ಹೊತ್ತಿಗಿ ಚಳಿ ಸುರು ಆಗಿರ್ತದ, ಗಿಡ ಮುಗೀಲಾಕ ಬಂದಿರ್ತದ, ಕಡೀ ಕೊಯ್ಲು ನಿಮ್ಮ ಸಲೇಕ ತಗದಿಡ್ತೀನಿ.